ಕಿಟಕಿಯಿಂದ ಚಾಚಿದ ಕೈ

ಮಸ್ಕಿಯ ತಾಲೀಮಿನೊಳಗೆ, ಅಂದರೆ ಕುಸ್ತಿಯ ಗರಡಿಮನೆಯೊಳಗೆ, ಹೆಂಗಸರು ಕಾಲಿಡುವಂತಿರಲಿಲ್ಲ. ಕೆಮ್ಮಣ್ಣು ಮೈಲಿಗೆಯಾಗುತ್ತದಂತೆ! ಗಂಡಸರ ಬೆವರು, ಉಗುಳು ಬಿದ್ದರೂ ಆಗದ ಮೈಲಿಗೆ. ಹಾಗಾಗಿ ೧೯೫೩ರ ಚಳಿಗಾಲದಲ್ಲಿ ಗದ್ದೆಮ್ಮ ದಿನಾ ಬೆಳಿಗ್ಗೆ ಹೊರಗೆ ಕಿಟಕಿಯ ಕೆಳಗೆ ನಿಲ್ಲುತ್ತಿದ್ದಳು. ಒಳಗೆ ಗಂಡ ಪಕೀರಪ್ಪ ಬಸ್ಕಿ ಮುಗಿಸಿ ಸರಳುಗಳ ನಡುವೆ ಕೈ ಚಾಚುತ್ತಿದ್ದ. ಅವಳು ನಾಡಿ ಹಿಡಿದು ಎಣಿಸುತ್ತಿದ್ದಳು.

ಇದು ಲಿಂಗಸುಗೂರಿನ ಡಾಕ್ಟರು ಕಲಿಸಿದ್ದು. ಗುಂಡಿಗೆಗೂ ತಾಕಿದ್ದ ಕೀಲುಜ್ವರದಿಂದ ಎದ್ದ ಗಂಡನಿಗೆ ಸಿಂಧನೂರಿನ ಕುಸ್ತಿಯ ಹುಚ್ಚು ಬಿಟ್ಟಿರಲಿಲ್ಲ. "ಅವನ ಮಾತು ನಂಬಬ್ಯಾಡಮ್ಮ, ನಾಡಿ ನಂಬು," ಎಂದಿದ್ದರು ಡಾಕ್ಟರು. "ಸಾಮು ಮುಗಿದ ಎರಡು ನಿಮಿಷಕ್ಕ ನೂರರ ಕೆಳಗ ಇಳೀಬೇಕು, ನಡುವ ಬಡಿತ ತಪ್ಪಬಾರದು. ತಪ್ಪಿದ್ರ ಕುಸ್ತಿ ಬಂದ್. ಇಲ್ಲಾಂದ್ರ ಗುಂಡಿಗಿ ನಿಲ್ತದ."

ಗದ್ದೆಮ್ಮ ಜೋಳದ ಕಾಳಿಟ್ಟುಕೊಂಡು ನೂರರ ತನಕ ಎಣಿಸಲು ಕಲಿತಳು. ಒಳಗಿಂದ ಕುಸ್ತಿ ಕಲಿಸುವ ವಸ್ತಾದ ಜಿಲಾನಿಸಾಬ್ ಗಡಿಯಾರ ನೋಡಿ "ಶುರು" ಅಂದರೆ ಶುರು, "ಬಸ್" ಅಂದರೆ ಒಂದು ನಿಮಿಷ ಮುಗಿಯಿತು. ಅವಳು ಹೂಂ ಅಂದರೆ ಮಾತ್ರ ಸಿಂಧನೂರು ಎಂದು ಕರಾರಾಗಿತ್ತು. ಊರು ನಕ್ಕಿತು, ಅವಳು ಕ್ಯಾರೇ ಅನ್ನಲಿಲ್ಲ.

ಕುಸ್ತಿಗೆ ನಾಲ್ಕು ದಿನವಿದ್ದಾಗ ಎಪ್ಪತ್ತೆರಡು ಬಡಿತ ಸಿಕ್ಕಿತು. ಒಂದೂ ತಪ್ಪಿರಲಿಲ್ಲ. ಅವಳಿಗೆ ಕುಣಿಯಬೇಕೆನಿಸಿತು. ಆಮೇಲೆ ಕೈ ನೋಡಿದಳು. ಮೊಣಕೈವರೆಗೆ ಮಣ್ಣು ಮೆತ್ತಿತ್ತು, ಬೆವರಿನ ಹನಿಯಿರಲಿಲ್ಲ. ಹತ್ತು ವರ್ಷ ತಾನೇ ಎಣ್ಣೆ ತಿಕ್ಕಿದ ಕೈ ಅವಳಿಗೆ ಗೊತ್ತಿರದೇ?

"ಯಾರ ಕೈಯೋ ಇದು?"

ಕೈ ಸರಕ್ಕನೆ ಒಳಗೆ ಹೋಯಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಬಿಟ್ಟು ಸೀದಾ ಬಾಗಿಲಿಂದ ಒಳಗೆ ನಡೆದಳು.

"ಅರೇ ಬೇಟಿ, ಬರಬ್ಯಾಡ!" ಜಿಲಾನಿಸಾಬ್ ಅಡ್ಡ ಬಂದರು.

"ಸರೀರಿ ವಸ್ತಾದ. ಗಡಿಯಾರ ಹಿಡ್ಕೊಂಡು ನೀವೂ ಸುಳ್ಳು ಹೇಳಿದ್ರಿ."

ಅವರು ತಲೆ ತಗ್ಗಿಸಿ ಸರಿದರು. ಪಕೀರಪ್ಪ ಗೋಡೆಗೊರಗಿ ಏದುತ್ತಿದ್ದ. ತುಟಿ ಕಪ್ಪಿಟ್ಟಿತ್ತು. ಪಕ್ಕದಲ್ಲಿ ಅವನ ತಮ್ಮ ಯಂಕೋಬ ಮಣ್ಣಿನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.

"ಊರು ನಗತಾದ ಬೇ, ಹೊರಗ ಹೋಗು," ಎಂದ ಪಕೀರಪ್ಪ.

"ನಗಲಿ. ನೀ ಸತ್ರ ಊರು ಒಂದಿನ ಅಳತಾದ, ನಾ ಬಾಳೆಲ್ಲ ಅಳಬೇಕು. ಕೈ ಕೊಡು."

ಕೆಮ್ಮಣ್ಣಿನಲ್ಲೇ ಕುಳಿತು ಮಣಿಕಟ್ಟು ಹಿಡಿದಳು. ಜಿಲಾನಿಸಾಬ್ ಗಡಿಯಾರ ತೆಗೆದು "ಶುರು" ಅಂದರು. ಅವಳು ಬಾಯಿಬಿಟ್ಟು ಎಣಿಸಿದಳು. ನೂರಾದ ಮೇಲೆ ಮತ್ತೆ ಒಂದರಿಂದ ಹಿಡಿದಳು. ನಾಡಿ ತಪ್ಪಿದ ಕಡೆ ಅವಳ ಎಣಿಕೆಯೂ ತಡೆಯಿತು. ತಾಲೀಮಿನ ಗಂಡಸರೆಲ್ಲ ಅದನ್ನು ಕೇಳಿಸಿಕೊಂಡರು.

ಇಷ್ಟು ದಿನ ಪಕೀರಪ್ಪ ಲೆಕ್ಕ ಕೇಳಿದವನೇ ಅಲ್ಲ. "ಎಷ್ಟು ಬಂತು?" ಎಂದ ಮೆಲ್ಲಗೆ.

"ನೂರರ ಮ್ಯಾಲೆ ಮೂವತ್ತು. ಎರಡು ತಪ್ಯಾವ."

ಅವನ ಕಣ್ಣು ತುಂಬಿತು. "ಯಂಕೋಬ, ಸಿಂಧನೂರಿಗೆ ನೀ ಹೋಗಪ್ಪ."

ಗದ್ದೆಮ್ಮ ಕೈ ಬಿಡಲಿಲ್ಲ. "ಇನ್ನೊಂದು ಸಲ ಶುರು ಅನ್ರಿ ವಸ್ತಾದ. ನೂರರ ಕೆಳಗ ಇಳಿಯೂತನ ನಾ ಇಲ್ಲಿಂದ ಏಳಂಗಿಲ್ಲ."