ಬಾಗಿಲ ಹಿಂದೆ ನಿಂತ ಹುಡುಗಿ

"ಇದನ್ನೂ ಪುಸ್ತಕ ಮಾಡಿ ಮಾರ್ತಾರಾ?" ಎಂದಳು ವಸೀಲಾಳ ಸೋದರತ್ತೆ ಮಬ್ರೂಕಾ, ಮಡಿಲಲ್ಲಿದ್ದ ಕಿತ್ತಳೆ ಹೂಗಳ ತೊಟ್ಟು ಬಿಡಿಸುತ್ತ. "ನಮ್ಮ ನಾಬುಲ್‌ನಲ್ಲಿ ಯಾರ ಮನೆ ಕದ ತಟ್ಟಿದ್ರೂ ಇದೇ ಕಥೆ."

ಗಟ್ಟಿಯಾಗಿ ಓದಿ ಹೇಳುತ್ತಿದ್ದ ವಸೀಲಾ ಪುಟದ ನಡುವೆ ಬೆರಳಿಟ್ಟು ನಕ್ಕಳು. ಕಾದಂಬರಿಯ ಹುಡುಗಿಯನ್ನು ಶಾಲೆ ಬಿಡಿಸಿದ್ದರು. ಅವಳು ದಿನವೂ ಬಾಗಿಲ ಹಿಂದೆ ನಿಂತು ಅಣ್ಣಂದಿರ ಪಾಠ ಕೇಳುತ್ತಿದ್ದಳು. ಹೂವಿನ ನೀರು ಇಳಿಸುವ ತಾಮ್ರದ ಹಂಡೆಯಿಂದ ಬಿಸಿ ಘಮ ಏಳುತ್ತಿತ್ತು. ಆ ಘಮಕ್ಕೆ ಅಂಗಳದ ಗೋಡೆಗಳೂ ತೂಕಡಿಸುವಂತಿದ್ದವು. ಹುಡುಗಿ ಇಲ್ಲೇ, ಒಣಹಾಕಿದ ಬಟ್ಟೆಗಳ ಆಚೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ ಎಂದು ವಸೀಲಾಗೆ ಅನಿಸುತ್ತಿತ್ತು.

"ಪೆದ್ದಿ ಅವಳು," ಸೋದರತ್ತೆ ಬಿಡಲಿಲ್ಲ. "ನನ್ನನ್ನ ಶಾಲೆ ಬಿಡಿಸಿದಾಗ ನಾನು ಸಿಟ್ಟಿಗೆ ನಿಮ್ಮಪ್ಪನ ಕಾಫಿಗೆ ಒಂದ್ಸಲ ಉಪ್ಪು ಹಾಕಿದ್ದೆ. ಪೂರ್ತಿ ಕುಡಿದ, ಪುಣ್ಯಾತ್ಮ. ಗೊತ್ತೇ ಆಗ್ಲಿಲ್ಲ."

ತಾಯಿ ದಲಂದಾ ನಗಲಿಲ್ಲ. "ಆ ಬಾಗಿಲಿನ ಜಾಗ ಇನ್ನೊಂದ್ಸಲ ಓದು, ಮಗಳೇ."

ವಸೀಲಾ ಓದಿದಳು.

"ಕಾಲು ಬದಲಾಯಿಸ್ತಿದ್ಲು ಅಂತ ಬರೆದಿಲ್ವಾ?"

"ಇಲ್ಲಮ್ಮ."

"ಬರೀಬೇಕಿತ್ತು. ಚಳಿಗಾಲದಲ್ಲಿ ನೆಲ ಕೊರೆಯುತ್ತೆ. ಒಂದು ಪಾದಾನ ಇನ್ನೊಂದರ ಮೇಲಿಟ್ಕೊಂಡು ನಿಲ್ಬೇಕು."

ವಸೀಲಾ ತಲೆಯೆತ್ತಿದಳು. ಅಮ್ಮನಿಗೆ ಓದಲು ಬಾರದೆಂದಷ್ಟೇ ಅವಳಿಗೆ ಗೊತ್ತಿತ್ತು. ಅಮ್ಮನ ಬೆರಳುಗಳು ಮಾತ್ರ ನಿದ್ದೆಯಲ್ಲಿರುವಂತೆ ಹೂ ಬಿಡಿಸುತ್ತಲೇ ಇದ್ದವು.

ಮಧ್ಯಾಹ್ನ ಮಡಕೆ ಭಟ್ಟಿಯಿಂದ ಅಪ್ಪ ತಾಹರ್ ಬಂದ. ಮಗ ಓದಲು ರಾಜಧಾನಿ ಟುನಿಸ್‌ಗೆ ಹೋದಾಗ ಬೀದಿಗೆಲ್ಲ ಸಿಹಿ ಹಂಚಿದ್ದವನು, ಮಗಳ ಸರದಿ ಬಂದಾಗ "ಹುಡುಗೀನ ಅಲ್ಲಿ ನೋಡ್ಕೊಳ್ಳೋರು ಯಾರು?" ಎಂದು ಮಾತು ಮುಗಿಸಿದ್ದ.

"ದಲಂದಾ, ಊಟ."

ದಲಂದಾ ಏಳಲಿಲ್ಲ. "ಒಲೆ ಮೇಲೆ ಮೀನಿನ ಸಾರಿದೆ, ಹಾಕ್ಕೊಳ್ಳಿ. ಈ ಅಧ್ಯಾಯ ಮುಗಿದಿಲ್ಲ."

ಮಬ್ರೂಕಾಳ ಕೈ ನಿಂತಿತು.

"ಏನದು ಅಧ್ಯಾಯ?"

"ಒಂದು ಹುಡುಗೀನ ಶಾಲೆ ಬಿಡಿಸ್ತಾರೆ." ಕನಸಿನಲ್ಲಿ ಮಾತಾಡುವವಳಂತೆ, ದನಿ ಏರಿಸದೆ ಮುಂದುವರಿಸಿದಳು: "ನಮ್ಮ ವಸೀಲಾನ ಬಿಡಿಸಲ್ಲ. ಟುನಿಸ್‌ಗೆ ಹೋಗ್ತಾಳೆ. ನನ್ನ ತಂಗಿ ಮನೇಲಿರ್ತಾಳೆ."

"ಪುಸ್ತಕ ಕೇಳಿ ಬಂದ ಬುದ್ಧೀನಾ ಇದು?"

"ಅಲ್ಲ. ಪುಸ್ತಕದವರಿಗೆ ಅಷ್ಟೆಲ್ಲ ಗೊತ್ತಿಲ್ಲ."

ತಾಹರ್ ಹೆಂಡತಿಯನ್ನು ನೋಡುತ್ತ ನಿಂತ. ಅವಳು ಇನ್ನೊಂದು ಹೂ ಎತ್ತಿಕೊಂಡಳು. ಅವನು ಒಳಗೆ ಹೋದ. ತಟ್ಟೆ ಎಲ್ಲಿದೆಯೆಂದು ತಿಳಿಯದೆ ಒಂದೊಂದೇ ಕಪಾಟು ತೆರೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸಿತು. ಯಾರೂ ಎದ್ದು ಹೋಗಲಿಲ್ಲ.

ಕೊನೆಗೆ ಸಾರಿನ ಬಟ್ಟಲು, ರೊಟ್ಟಿ ಹಿಡಿದು ಬಂದು ಹೊಸ್ತಿಲ ಮೇಲೆ ಕೂತ.

"ನಿನ್ನ ತಂಗಿ ಮನೆಯಿಂದ ಕಾಲೇಜು ದೂರ ಅಲ್ವಾ?" ಎಂದ, ಬಟ್ಟಲನ್ನೇ ನೋಡುತ್ತ.

"ಟ್ರಾಮ್ ಇದೆ," ಎಂದಳು ದಲಂದಾ.

ವಸೀಲಾ ಪುಟ ತಿರುಗಿಸಿದಳು. ಮುಂದಕ್ಕೆ ಓದಿದಳು. ಗುಬ್ಬಚ್ಚಿಯೊಂದು ಹೊಸ್ತಿಲ ಹತ್ತಿರ ಬಂದು ಕತ್ತು ಕೊಂಕಿಸಿತು. ತಾಹರ್ ರೊಟ್ಟಿಯ ಚೂರೊಂದನ್ನು ಮುರಿದು, ಸದ್ದಾಗದಂತೆ ಅದರ ಕಡೆ ಸರಿಸಿದ.