ಪಾಪದಲ್ಲೂ ಪಾಲು

ಚೀನಾ ತೀರದಲ್ಲಿ ಪೋರ್ಚುಗೀಸರು ಆಳಿದ ನಮ್ಮ ಮಕಾವಿನ ಹೆಂಗಸರು ಯಾರಿಗಾದರೂ ಅಡುಗೆ ಹೇಳಿಕೊಟ್ಟರೆ ಒಂದು ಸಾಮಾನನ್ನು ನುಂಗಿಕೊಂಡೇ ಹೇಳುತ್ತಾರೆ. ಅದು ಕೆಟ್ಟತನವಲ್ಲ, ಪದ್ಧತಿ. ಆದರೆ ನನ್ನಜ್ಜಿ ಫ್ಲೊರಿಂಡಾ ಸ್ವಂತ ನಾದಿನಿ ಎರ್ಸಿಲಿಯಾಗೆ ಬಲಿಶಾಂವ್ ಎಂಬ ಸಿಗಡಿ ಉಪ್ಪಿನಕಾಯಿ ಹೇಳಿಕೊಡುವಾಗ, ಕೆಡದಂತೆ ಸಾರಾಯಿ ಹಾಕಬೇಕೆಂಬುದನ್ನೇ ಬಿಟ್ಟಳು. ಮಗಳ ಮದುವೆಯ ದಿನ ಎರ್ಸಿಲಿಯಜ್ಜಿ ಭರಣಿ ತೆರೆದರೆ ಗಬ್ಬು ನಾತ. ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡು ಎದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನಜ್ಜಿ. ಮರೆತೆ ಎಂದು ಸಾಧಿಸಿದಳು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ.

ಈಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಪಾಪನಿವೇದನೆ ಮಾಡದೆ ಸಾಯುವುದಿಲ್ಲ ಎಂದಳು. ಲಿಸ್ಬನ್ನಿನಿಂದ ಹೊಸದಾಗಿ ಬಂದ ಪಾದ್ರಿಯನ್ನು ಕರೆಸಿದರೆ, ಪಾತುವಾದಲ್ಲೇ ಹೇಳುತ್ತೇನೆಂದು ಹಠ ಹಿಡಿದಳು. ಪೋರ್ಚುಗೀಸ್, ಮಲಯ, ಕೊಂಕಣಿ, ಚೀನೀ ಎಲ್ಲ ಕಲೆತು ನಮ್ಮ ಅಡುಗೆಮನೆಗಳಲ್ಲಿ ಹುಟ್ಟಿದ ಮಾತು ಅದು. ಶಾಲೆಯವರು 'ಹರಕು ಪೋರ್ಚುಗೀಸ್' ಎಂದು ಬೈದು ಬಿಡಿಸಿದ್ದರು. ಪಾದ್ರಿಗೆ ಒಂದಕ್ಷರ ತಿಳಿಯದು. ನನಗೆ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ.

"ನಿಂಗೆ ಪೋರ್ಚುಗೀಸ್ ಚೆನ್ನಾಗೇ ಬರುತ್ತಲ್ಲಜ್ಜೀ?" ಎಂದೆ.

"ಬಂದ್ರೇನು? ಅದ್ರಲ್ಲಿ ಹೇಳಿದ್ರೆ ಮೇಷ್ಟ್ರಿಗೆ ಪಾಠ ಒಪ್ಪಿಸ್ದಂಗಿರುತ್ತೆ. ಚೀನೀಲಿ ಹೇಳಿದ್ರೆ ಮೀನಿಗೆ ಚೌಕಾಸಿ ಮಾಡ್ದಂಗೆ. ಪಾಪ ಮಾಡಿದ್ದು ನಮ್ಮಾತಲ್ಲಿ ಕಣೇ."

"ಹಾಗಾದ್ರೆ ಫಾದರ್‌ಗೆ ನಾನು ತಿಳಿಸಿ ಹೇಳ್ತೀನಿ."

"ಮೊಮ್ಮಗಳ ಮುಂದೆ ಪಾಪ ಹೇಳ್ಕೊಳ್ಳೋಷ್ಟು ಮಾನಗೆಟ್ಟಿಲ್ಲ ನಾನು!"

ಆ ಮಾತು ಬಲ್ಲವಳು ನಮ್ಮ ಬೀದಿಯಲ್ಲಿ ಇನ್ನೊಬ್ಬಳೇ ಉಳಿದಿದ್ದಳು, ಎರ್ಸಿಲಿಯಜ್ಜಿ. ಹೋಗಿ, ಪಾದ್ರಿಗೆ ತಿಳಿಸಿ ಹೇಳಲು ಬಾ ಎಂದು ಗೋಗರೆದೆ. "ಸಾಯೋಕೂ ನಾನೇ ಬೇಕಾ ಅವಳಿಗೆ?" ಎಂದು ಬೈಯುತ್ತಲೇ ಒಳ್ಳೆಯ ಶಾಲು ಹುಡುಕಿ ಹೊದ್ದು ಹೊರಟಳು.

ನನ್ನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡರು. ಆದರೆ ಇಬ್ಬರಿಗೂ ಕಿವಿ ಮಂದ. ಅವರ ಗುಟ್ಟು ಬೀದಿಗೆಲ್ಲ ಕೇಳುತ್ತಿತ್ತು.

"ಸಾರಾಯಿ ವಿಷ್ಯ ಬೇಕೂಂತಲೇ ಮುಚ್ಚಿಟ್ಟೆ," ಎಂದಳು ಅಜ್ಜಿ ಪಾತುವಾದಲ್ಲಿ. "ಎಲ್ರೂ ಎರ್ಸಿಲಿಯಾ ಕೈಯಡುಗೇನೇ ಹೊಗಳೋರು. ಹೊಟ್ಟೆ ಉರೀತಿತ್ತು."

ಎರ್ಸಿಲಿಯಜ್ಜಿ ಎದ್ದು ಹೋಗಿಬಿಟ್ಟರೆ ಎಂದು ಬಾಗಿಲಿಗಡ್ಡ ನಿಂತೆ. ಆಮೇಲೆ ಅವಳ ಪೋರ್ಚುಗೀಸ್ ಕೇಳಿಸಿತು: "ಫಾದರ್, ಒಂದು ಭರಣಿ ವಿಷ್ಯಕ್ಕೆ ಇಬ್ರು ಹೆಂಗಸ್ರು ಮಾತು ಬಿಟ್ರಂತೆ. ತಪ್ಪು ಇಬ್ರದ್ದೂ ಅಂತಿದಾಳೆ."

"ಯಾವಾಗ್ಲೇ ಹಾಗಂದೆ?" ಅಜ್ಜಿ ಪೋರ್ಚುಗೀಸಿನಲ್ಲೇ ಕಿರುಚಿದಳು. "ಅದು ನನ್ನ ಪಾಪ! ಅದ್ರಲ್ಲೂ ಪಾಲು ಕೇಳ್ತೀಯಾ?"

ಪಾದ್ರಿ ನಗು ನುಂಗಿಕೊಂಡು ಕ್ಷಮೆಯ ಮಂತ್ರ ಹೇಳಿ ಹೋದರು. ಮುದುಕಿಯರು ಮಾತ್ರ ಸಂಜೆಯವರೆಗೂ ಪಾತುವಾದಲ್ಲಿ ಬೈದಾಡಿದರು. ಆ ಮನೆ ಅಷ್ಟು ಪಾತುವಾ ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಅಳುವೇ ಬಂತು.

ಅದೇ ವಾರ ಅಜ್ಜಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಎರ್ಸಿಲಿಯಜ್ಜಿ ಅವಳ ಕುರ್ಚಿಯಲ್ಲಿ ಕೂತಳು.

"ಇನ್ನು ಯಾರ ಹತ್ರ ಜಗಳ ಆಡ್ಲಿ?" ಎಂದಳು ಪಾತುವಾದಲ್ಲಿ, ಗೋಡೆಗೆ.

ಚಹಾ ಕೊಟ್ಟೆ. ಒಂದು ಗುಟುಕಿಗೇ ಮುಖ ಹಿಂಡಿದಳು. "ಥೂ, ಅಜ್ಜಿಗೆ ತಕ್ಕ ಮೊಮ್ಮಗಳು! ಸಕ್ಕರೆ ನುಂಗ್ಕೊಂಡ್ಯಾ?"

ನಾಲಿಗೆ ತಡವರಿಸಿತು. ಆದರೂ ಹುಟ್ಟಿದಾಗಿನಿಂದ ಕೇಳಿದ್ದ ಆ ಮಾತಿನಲ್ಲೇ, ಒಂದೊಂದೇ ಪದ ಹೆಕ್ಕಿ ಹೇಳಿದೆ: "ನಿನ್ನ ಬಾಯಿಗೆ... ಸಕ್ಕರೆ ಹಾಕೋದು... ದಂಡ, ಅಜ್ಜೀ."

ಅವಳು ಲೋಟ ಕೆಳಗಿಟ್ಟಳು. ಕಣ್ಣು ತುಂಬಿತ್ತು.

"ಎಂಥ ಹರಕು ಪಾತುವಾನೇ ನಿಂದು," ಎಂದಳು. "ಇನ್ನೊಂದ್ಸಲ ಬೈಯಿ."