ಪುಕಾಪಾಟಕ್ಕೆ ಬಂದ ಬಿಳಿ ಗಂಡು

ಆ ಬಿಳಿ ಗಂಡು ಅಲ್ಪಾಕಾ ನಮ್ಮ ಪುಕಾಪಾಟಕ್ಕೆ ಬಂದದ್ದು ಜನವರಿಯ ಮಳೆಯಲ್ಲಿ, ಲಾರಿಯ ಹಿಂದೆ ನಿಂತುಕೊಂಡು, ಕೊರಳಿಗೆ ನೀಲಿ ರಿಬ್ಬನ್ ಕಟ್ಟಿಸಿಕೊಂಡು. ಅದರ ಜೊತೆ ಒಂದು ಕಾಗದವೂ ಬಂತು. ಅದರಲ್ಲಿ ಅದರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಹೆಸರೂ ಇತ್ತು. ನನ್ನ ಗಂಡ ಮೆಲ್ಚೋರನಿಗೆ ತನ್ನ ಸ್ವಂತ ಮುತ್ತಜ್ಜನ ಹೆಸರು ಗೊತ್ತಿಲ್ಲ. ಆದರೂ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮಾತೆ ಮರಿಯಮ್ಮನ ಪಟದ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ.

ಆ ವರ್ಷ ಮೆಲ್ಚೋರ್ ನಮ್ಮೂರ ಅಲ್ಪಾಕಾ ಸಾಕುವವರ ಸಂಘದ ಅಧ್ಯಕ್ಷನಾಗಿದ್ದ. ಬೇರೆ ಯಾರೂ ನಿಲ್ಲದ ಕಾರಣ ಗೆದ್ದಿದ್ದ. ತಳಿ ಸುಧಾರಣೆಯ ಯೋಜನೆಯವರು ಊರಿಗೊಂದು ಜಾತಿವಂತ ಗಂಡು ಕೊಡುತ್ತೇವೆ ಅಂದಾಗ ಅದನ್ನು ಅಧ್ಯಕ್ಷರ ಮನೆಯಲ್ಲೇ ಇಡಬೇಕು ಅಂತ ಠರಾವಾಯಿತು. ಠರಾವು ಮಾಡಿದವನೂ ಅವನೇ. ಷರತ್ತು ಒಂದೇ: ಕಪ್ಪು, ಕಂದು, ಮಚ್ಚೆಯ ಗಂಡುಗಳು ಮಂದೆಯಲ್ಲಿ ಇರಕೂಡದು. ಇನ್ನು ಮುಂದೆ ಪುಕಾಪಾಟದಲ್ಲಿ ಹುಟ್ಟುವ ಮರಿಗಳೆಲ್ಲ ಹಾಲಿನ ಹಾಗೆ ಬೆಳ್ಳಗಿರಬೇಕು.

ನನ್ನತ್ತೆ ನಿಕಾಸಿಯಾ ಕದಿರು ತಿರುಗಿಸುತ್ತಾ ಆ ಗಂಡಿನ ಸುತ್ತ ಎರಡು ಸುತ್ತು ಬಂದಳು.

"ಇದ್ಯಾಕೋ ಹಿಂಗೆ ನೋಡ್ತದೆ? ಪೂಜೆ ಮುಗಿಸಿ ಕಾಣಿಕೆ ಡಬ್ಬಿ ಹುಡುಕೋ ಪಾದ್ರಿ ಹಂಗೆ!"

"ಅಮ್ಮ, ಅದರ ಹೆಸರು ಎಂಪೆರಡಾರ್. ಚಕ್ರವರ್ತಿ ಅಂತ," ಅಂದ ಮೆಲ್ಚೋರ್.

"ಆಗ್ಲಿ ಬಿಡು. ಪಾದ್ರಿ, ಬಾರಪ್ಪ, ಹುಲ್ಲು ತಿನ್ನು."

ಅಲ್ಲಿಗೆ ಚಕ್ರವರ್ತಿಯ ಕತೆ ಮುಗಿಯಿತು. ಇಡೀ ಊರು ಅದನ್ನು ಪಾದ್ರಿ ಅಂತಲೇ ಕರೆಯಿತು.

ಹೆಣ್ಣು ಕೂಡಿಸುವ ಕಾಲ ಅದೇ. ನಮ್ಮಲ್ಲಿ ಮೂವತ್ತೆರಡು ಹೆಣ್ಣು. ಮೊದಲನೇ ದಿನ ಒಂದು ಹೆಣ್ಣನ್ನು ಪಾದ್ರಿಯ ಮುಂದೆ ಬಿಟ್ಟೆವು. ಅವಳು ಮರ್ಯಾದೆಯಿಂದ ಕಾಲು ಮಡಚಿ ಕೂತಳು. ಹೆಣ್ಣು ಒಪ್ಪಿದೆ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾಗಿ ಯಾವ ಭಾಷೆಯಲ್ಲೂ ಹೇಳಲು ಬರುವುದಿಲ್ಲ. ಪಾದ್ರಿ ಮೂಸಿ ನೋಡಿದ, ಯೋಚನೆ ಮಾಡಿದ, ಅವಳ ಪಕ್ಕದಲ್ಲೇ ತಾನೂ ಕಾಲು ಮಡಚಿ ಕೂತ. ಇಬ್ಬರೂ ಸೇರಿ ಬೆಟ್ಟ ನೋಡಿದರು.

"ಹೊಸ ಜಾಗ. ಎತ್ತರ ಬೇರೆ. ಒಂದು ವಾರ ಬಿಡಿ," ಅಂದ ಯೋಜನೆಯ ಇಂಜಿನಿಯರ್.

ಅತ್ತೆ ನಕ್ಕಳು. "ಇಂಜಿನಿಯರ್ ಸಾಹೇಬ್ರೇ, ನಮ್ಮ ನಿಜವಾದ ಪಾದ್ರಿನೇ ಇದಕ್ಕಿಂತ ಚುರುಕಾಗಿದ್ದ. ಕೆಳಗಿನೂರಲ್ಲಿ ಮೂರು ಮಕ್ಕಳಿಗೆ ಅವನದೇ ಮೂಗು."

ಇನ್ನು ನಮ್ಮ ಹಳೇ ಗಂಡು ಅಲ್ಕನ ವಿಷಯ. ಮೈಯೆಲ್ಲ ಕಪ್ಪು ಬಿಳಿ ಮಚ್ಚೆ, ಒಂದು ಕಣ್ಣಿನ ಸುತ್ತ ಮಸಿ, ಕೆಳಗಿನ ಹಲ್ಲು ಮುಂದಕ್ಕೆ, ಒಂದು ಕಿವಿ ನರಿ ಪಾಲು. ನೋಡಿದರೆ ದೇವರು ಸಂಜೆ ಅವಸರದಲ್ಲಿ ಉಳಿದ ಚೂರುಗಳನ್ನು ಸೇರಿಸಿ ಹೊಲಿದ ಹಾಗಿತ್ತು. ಆದರೆ ಹೆಣ್ಣುಗಳ ವಿಷಯದಲ್ಲಿ ಅದಕ್ಕೆ ಯಾವ ಸಂಶಯವೂ ಇರಲಿಲ್ಲ. ಅದನ್ನು ಕಡಿದು ಮಾಂಸ ಒಣಗಿಸೋಣ ಅಂದ ಮೆಲ್ಚೋರ್.

"ಬೇಡ. ಕೊಲ್ಲೋದ್ಯಾಕೆ? ನನ್ನ ತಂಗಿ ಮನೇಲಿ ಬಿಟ್ಟು ಬರ್ತೀನಿ," ಅಂತ ಅತ್ತೆ ಬೆಳಿಗ್ಗೆ ಹಗ್ಗ ಹಿಡಿದು ಹೊರಟವಳು ಮಧ್ಯಾಹ್ನದ ಸೂಪಿಗೆ ಸರಿಯಾಗಿ ವಾಪಸ್ ಬಂದಳು. ಅವಳ ತಂಗಿಯ ಮನೆ ಕಣಿವೆ ದಾಟಿ ಪೂರಾ ಒಂದು ದಿನದ ದಾರಿ. ನಾನು ಗಮನಿಸಿದೆ. ಮೆಲ್ಚೋರ್ ಸಂಘಕ್ಕೆ ಪತ್ರ ಬರೆಯುತ್ತಿದ್ದ, ಅವನಿಗೆ ಹೊತ್ತಿನ ಪರಿವೆ ಇರಲಿಲ್ಲ.

ಮುಂದಿನ ವಾರ ನಾನೂ ಅತ್ತೆಯೂ ಮಂದೆ ಹೊಡೆದುಕೊಂಡು ಮೇಲಿನ ಜೌಗಿಗೆ ಹೋದೆವು. ಅಲ್ಲಿ ಬಂಡೆಯ ಹಿಂದೆ ಯಾರೂ ಬಳಸದ ಒಂದು ಹಳೇ ಕಲ್ಲಿನ ರೊಪ್ಪ ಇದೆ. ಹೆಣ್ಣುಗಳು ತಮಗೆ ದಾರಿ ಗೊತ್ತು ಅನ್ನುವ ಹಾಗೆ ಸಾಲಾಗಿ ಆ ಕಡೆ ನಡೆದವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರ್ ಗೊರ್ ಅಂತ ಹಾಡು. ಗಂಡು ಅಲ್ಪಾಕಾ ಆ ಹಾಡು ಹಾಡುವುದು ಒಂದೇ ಕೆಲಸ ಮಾಡುವಾಗ.

"ಅತ್ತೆ, ನಿಮ್ಮ ತಂಗಿ ಮನೆ ಇಷ್ಟು ಹತ್ರ ಬಂದ್ಬಿಡ್ತಾ?"

"ಲೇ, ನೀನು ಕಣ್ಣು ಕದಿರಿನ ಮೇಲಿಟ್ಟು ನೂಲು."

"ನಿಮ್ಮ ಮಗನಿಗೆ ಗೊತ್ತಾದ್ರೆ?"

"ಗೊತ್ತಾಗಲ್ಲ. ಅವನು ಅಧ್ಯಕ್ಷ." ಅವಳು ಕೋಕಾ ಎಲೆ ಬಾಯಿಗೆ ಹಾಕಿಕೊಂಡಳು. "ಎಲ್ಲಾ ಬಿಳಿಯಾದ್ರೆ ಏನೇ ನೇಯ್ತೀಯ? ಕಂಬಳಿಗೆ ಕರಿ ಬೇಕು, ಹಗ್ಗಕ್ಕೆ ಕಂದು ಬೇಕು. ಬರೀ ಬಿಳಿ ಇಟ್ಕೊಂಡು ಹೆಣದ ಬಟ್ಟೆ ನೇಯ್ಬೇಕು ಅಷ್ಟೆ."

ನಾನು ಕದಿರು ತಿರುಗಿಸಿದೆ. ನಿಜ ಹೇಳಬೇಕೆಂದರೆ ಬಣ್ಣದ ಚಿಂತೆ ನನಗಿರಲಿಲ್ಲ. ಮೆಲ್ಚೋರ್ ಆಗ ಮನೆಯಲ್ಲೂ ಎದ್ದು ನಿಂತು "ಸೂಪಿನ ಉಪ್ಪಿನ ವಿಷಯದಲ್ಲಿ ಎರಡು ಮಾತು" ಅಂತ ಶುರು ಮಾಡುತ್ತಿದ್ದ. ಅಂಥ ಗಂಡನಿಗೆ ಸಣ್ಣದೊಂದು ಗುಟ್ಟು ಮುಚ್ಚಿಡುವುದರಲ್ಲಿ ಸುಖವಿತ್ತು.

ಮಾರ್ಚ್ ಹೊತ್ತಿಗೆ ಪಾದ್ರಿಯನ್ನು ಯಾವ ಹೆಣ್ಣಿನ ಹತ್ತಿರ ಬಿಟ್ಟರೂ ಅವಳು ಕಿವಿ ಹಿಂದಕ್ಕೆ ಮಾಡಿ ಅವನ ಮುಖಕ್ಕೆ ಕ್ಯಾಕರಿಸಿ ಉಗಿಯತೊಡಗಿದಳು. ಬಸುರಿ ಅಲ್ಪಾಕಾ ಗಂಡನ್ನು ಹತ್ತಿರ ಸೇರಿಸುವುದಿಲ್ಲ, ಉಗಿಯುತ್ತದೆ. ಮೆಲ್ಚೋರ್ ಕುಣಿದಾಡಿಬಿಟ್ಟ.

"ಉಗೀತಾ ಇದಾವೆ! ನೋಡ್ರೇ, ಎಲ್ಲಾ ಉಗೀತಾ ಇದಾವೆ! ಯಾರೂ ಇಲ್ಲದಾಗ ಕೆಲಸ ಮಾಡಿದಾನೆ, ನಾಚಿಕೆ ಸ್ವಭಾವ!"

ಮುಖದ ತುಂಬ ಹಸಿರು ಎಂಜಲು ಬಳಿಸಿಕೊಂಡ ಪಾದ್ರಿ ನಮ್ಮನ್ನೆಲ್ಲ ನೋಡುತ್ತಾ ನಿಂತಿದ್ದ. ತಾನು ಮಾಡಿದ ತಪ್ಪೇನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಮಳೆ ನಿಂತಿತು. ಇಚು ಹುಲ್ಲು ಹಳದಿಯಾಯಿತು. ಜೂನ್‌ನಲ್ಲಿ ನಮ್ಮ ಚಳಿಗಾಲ, ನೆಲ ಬಿರಿಯುವ ಹಿಮ ಬಿತ್ತು. ಆಲೂಗಡ್ಡೆ ಬಯಲಲ್ಲಿ ಹರಡಿ, ರಾತ್ರಿ ಹೆಪ್ಪುಗಟ್ಟಿದ್ದನ್ನು ಬೆಳಿಗ್ಗೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿಡುವ ಕಾಲ. ಪೇಟೆಯ ಕೊಟ್ಟಿಗೆಯಲ್ಲಿ ಬೆಳೆದ ಪಾದ್ರಿ ಕೆಮ್ಮತೊಡಗಿದ. ಮೂಗಿನಲ್ಲಿ ಸಿಂಬಳ, ಕಣ್ಣಲ್ಲಿ ನೀರು. ಒಂದು ಬೆಳಿಗ್ಗೆ ನೋಡಿದರೆ ರೊಪ್ಪದಲ್ಲಿ ಅವನಿಲ್ಲ. ಅತ್ತೆಯ ಗುಡಿಸಲಿನಲ್ಲಿ ಒಲೆ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಅತ್ತೆ ಅವನ ಎದೆಗೆ ಲಾಮಾ ಕೊಬ್ಬು ತಿಕ್ಕುತ್ತಿದ್ದಳು.

"ಏನ್ ಅತ್ತೆ, ಪ್ರೀತಿ ಬಂತಾ?"

"ಪ್ರೀತಿ ಏನ್ ಬಂತು! ಸತ್ರೆ ಆ ಕಾಗದ ಪೂರಾ ಓದಿ ಹೂಳ್ಬೇಕಲ್ಲ ಅಂತ."

ಪಾದ್ರಿ ಆಗಸ್ಟ್‌ವರೆಗೂ ಅಲ್ಲೇ ಇದ್ದ. ಅತ್ತೆ ಅವನ ಜೊತೆ ಮಾತಾಡುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ತೀರಿಹೋದ ಮಾವನ ಜೊತೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಮಾವ ಎದುರಾಡುತ್ತಿದ್ದ, ಇವನು ಮೆಲುಕು ಹಾಕುತ್ತಿದ್ದ.

ಆಗಸ್ಟ್‌ನಲ್ಲಿ ಬೆಟ್ಟದ ದೇವರು ಅಪುವಿಗೆ ಎಡೆ ಇಡಬೇಕು. ಮೆಲ್ಚೋರ್ ಕೋಕಾ ಎಲೆ ಜೋಡಿಸಿ, ಅಧ್ಯಕ್ಷನ ದನಿಯಲ್ಲಿ "ಬಿಳಿ ಮರಿ ಕೊಡು ಅಪು ತಂದೆ, ಬರೀ ಬಿಳಿ" ಅಂತ ಬೇಡಿದ. ಪಕ್ಕದಲ್ಲೇ ಅತ್ತೆ ಇನ್ನೇನನ್ನೋ ಗೊಣಗುತ್ತಿದ್ದಳು. ಒಂದೇ ಬೆಟ್ಟಕ್ಕೆ ಒಂದೇ ಮನೆಯಿಂದ ಎರಡು ಅರ್ಜಿ. ಸಾರಾಯಿ ಎರೆಯುವಾಗ ಅವಳು ನೆಲಕ್ಕೆ ಒಂದು ಹನಿ ಬಿಟ್ಟು ಉಳಿದದ್ದನ್ನು ಗಂಟಲಿಗೆ ಸುರಿದುಕೊಂಡಳು.

"ಅಮ್ಮ! ಅಪುವಿಗೆ?"

"ಅವನಿಗೂ ವಯಸ್ಸಾಯ್ತು ಕಣೋ. ಜಾಸ್ತಿ ಕುಡಿದ್ರೆ ಆಲಿಕಲ್ಲು ಕಾರ್ಕೋತಾನೆ."

ನವೆಂಬರಿನಲ್ಲಿ ಉಣ್ಣೆ ಕತ್ತರಿಸಿದೆವು. ಕತ್ತರಿಸಿದ ಮೇಲೆ ಅಲ್ಪಾಕಾ ಎಂಥದ್ದೇ ಆಗಲಿ, ಸ್ನಾನದ ಮಧ್ಯದಲ್ಲಿ ಬಾಗಿಲು ತೆರೆದಾಗ ಸಿಕ್ಕಿಬಿದ್ದ ಮುದುಕನ ಹಾಗೆ ಕಾಣುತ್ತದೆ. ಹೆಣ್ಣುಗಳ ಹೊಟ್ಟೆ ಆಗ ಚೆನ್ನಾಗಿ ಕಂಡಿತು.

ಜನವರಿಯಲ್ಲಿ ಮರಿ ಹಾಕುವ ಕಾಲ ಬಂದಾಗ ಮೆಲ್ಚೋರ್ ಇಂಜಿನಿಯರನ್ನು ಕರೆಸಿದ, ಊರವರನ್ನೂ ಕರೆದ. ಅಲ್ಪಾಕಾ ಮರಿ ಹಾಕುವುದು ಬೆಳಗಿನ ಹೊತ್ತು, ಬಿಸಿಲು ಇಳಿಯುವ ಮುಂಚೆ ಮರಿ ಒಣಗಬೇಕಲ್ಲ. ಎಲ್ಲರೂ ರೊಪ್ಪದ ಗೋಡೆಗೆ ಒರಗಿ ನಿಂತರು. ಇಂಜಿನಿಯರ್ ಕ್ಯಾಮೆರಾ ತೆಗೆದ.

ಮೊದಲನೇ ಮರಿ ಜಾರಿ ಬಿತ್ತು. ಕಪ್ಪು ಬಿಳಿ ಮಚ್ಚೆ.

"ಅಜ್ಜಿ ಕಡೆ ರಕ್ತ ಒಮ್ಮೊಮ್ಮೆ ಬರುತ್ತೆ," ಅಂದ ಇಂಜಿನಿಯರ್.

ಎರಡನೆಯದು ಕಂದು ಬಿಳಿ. ಮೂರನೆಯದಕ್ಕೆ ಅಲ್ಕನ ಹಾಗೇ ಒಂದು ಕಣ್ಣಿನ ಸುತ್ತ ಮಸಿ. ಅದು ನಡುಗುತ್ತಾ ಎದ್ದು ನಿಂತು ನಮ್ಮ ಕಡೆ ತಿರುಗಿದಾಗ ಪಕ್ಕದ ಮನೆ ತೊರಿಬಿಯೋಗೆ ನಗು ತಡೆಯಲಾಗಲಿಲ್ಲ.

"ಅಧ್ಯಕ್ಷರೇ, ಪಾದ್ರಿ ಕಣ್ಣು ಮುಚ್ಕೊಂಡು ಬಣ್ಣದ ಕನಸು ಕಂಡಿರ್ಬೇಕು!"

ಊರೆಲ್ಲ ನಕ್ಕಿತು. ಇಂಜಿನಿಯರ್ ಕ್ಯಾಮೆರಾ ಒಳಗಿಟ್ಟ. ಮೆಲ್ಚೋರ್ ನಗಲಿಲ್ಲ, ನಿಧಾನವಾಗಿ ತಾಯಿಯ ಕಡೆ ತಿರುಗಿದ.

"ನಾನೇ," ಅಂದಳು ಅತ್ತೆ, ಗದ್ದ ಎತ್ತಿ. "ಅಲ್ಕ ಮೇಲಿನ ರೊಪ್ಪದಲ್ಲಿದೆ. ಬೇಕಾದ್ರೆ ನಂದೂ ಒಂದು ಫೋಟೋ ತೆಗೀರಿ."

ಅವನು ಕೂಗಾಡಬಹುದು ಅಂದುಕೊಂಡೆ. ಅವನು ಕೂಗಲಿಲ್ಲ.

"ಊರ ಮುಂದೆ ಒಂದೇ ಒಂದು ಸಲ ಮನುಷ್ಯ ಅನ್ನಿಸ್ಕೋಬೇಕು ಅಂತಿದ್ದೆ ಅಮ್ಮ," ಅಂದ. ಗೋಡೆ ದಾಟಿ ಹೋಗಿಬಿಟ್ಟ.

ಅತ್ತೆ ಬಾಯಿ ತೆರೆದಳು. ನಾನು ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದರೊಳಗಿಂದ ಏನೂ ಬರಲಿಲ್ಲ.

ಆಮೇಲೆ ಒಂದು ತಿಂಗಳು ತಾಯಿ ಮಗ ಮಾತಾಡಲಿಲ್ಲ. ಮಾತೆಲ್ಲ ನನ್ನ ಮೂಲಕ. ಮೂರು ಮೊಳದ ಅಂತರದಲ್ಲಿ ಕೂತು "ನಿನ್ನ ಗಂಡನಿಗೆ ಹೇಳೇ, ಸೂಪು ಆರ್ತಾ ಇದೆ" ಅಂತ ಅವಳು. "ಅವರಿಗೆ ಹೇಳು, ನನಗೆ ಕಣ್ಣಿದೆ" ಅಂತ ಅವನು. ನನಗೆ ನಾಲಿಗೆ ಸವೆಯಿತು. ಅವನು ಸಂಘದ ಸಭೆಗೂ ಹೋಗಲಿಲ್ಲ. ಬದುಕಿ ಉಳಿದವು ಹದಿನೆಂಟು ಮರಿಗಳು, ಹದಿನೆಂಟಕ್ಕೂ ಮಚ್ಚೆ. ಅವನ್ನು ಎಣಿಸುವಾಗ ಅವನು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಎಣಿಸುತ್ತಿದ್ದ.

ಫೆಬ್ರವರಿಯಲ್ಲಿ, ಕಾರ್ನಿವಲ್ ಹಬ್ಬದ ಬೆಳಿಗ್ಗೆ, ಕಡೆಯ ಹೆಣ್ಣು ಮರಿ ಹಾಕಿತು. ಅಚ್ಚ ಬಿಳಿ. ಅತ್ತೆ ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಪಾದ್ರಿದೇ. ನೋಡೇ, ಹುಟ್ಟಿದ್ದು ಯಾಕೆ ಅಂತ ಗೊತ್ತಿಲ್ಲದವನ ಮುಖ! ಯಾವಾಗ ಮಾಡಿದ್ನೋ ಕಳ್ಳ!"

ಮೆಲ್ಚೋರ್ ದೂರದಿಂದ ನೋಡಿ ಹೋದ. ಆದರೆ ಆ ಸಂಜೆ ಅವನು ಆ ಮರಿಯ ಹೊಕ್ಕುಳಿಗೆ ಔಷಧಿ ಹಚ್ಚುತ್ತಿದ್ದುದನ್ನು ನಾನು ಕಂಡೆ.

ನಾಲ್ಕು ದಿನ ಕಳೆದ ಮೇಲೆ ಮಧ್ಯಾಹ್ನ ನಾನು ಮೇಲಿನ ಜೌಗಿನಲ್ಲಿ ಮಂದೆಯ ಜೊತೆಗಿದ್ದೆ. ಬೆಟ್ಟದ ಹಿಂದಿನಿಂದ ಸೀಸದ ಬಣ್ಣದ ಮೋಡ ಬಂತು, ಮೊದಲು ಆಲಿಕಲ್ಲು, ಆಮೇಲೆ ಹಿಮ. ಅರ್ಧ ಗಂಟೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಸಿಡಿಲಿಗೆ ಬೆದರಿ ಮಂದೆ ಚದುರಿತು. ನಾನು ಕವಣೆ ಬೀಸುತ್ತಾ ಕೂಗುತ್ತಾ ನಿಂತಾಗ ಕೆಳಗಿನಿಂದ ಇಬ್ಬರು ಏರಿ ಬಂದರು, ಒಬ್ಬರನ್ನೊಬ್ಬರು ಮಾತಾಡಿಸದೆ, ಹತ್ತು ಹೆಜ್ಜೆ ಅಂತರದಲ್ಲಿ.

ದೊಡ್ಡವು ತಾವಾಗೇ ಬಂಡೆಯ ಮರೆಗೆ ಸೇರಿಕೊಂಡವು. ಮರಿಗಳನ್ನು ಹುಡುಕಬೇಕಿತ್ತು. ಅಲ್ಲೊಂದು ಕರಿ ಚುಕ್ಕೆ, ಇಲ್ಲೊಂದು ಕಂದು ಕಲೆ. ಆ ಬೆಳ್ಳನೆ ಬಯಲಿನಲ್ಲಿ ಬೇರೆ ಏನೂ ಕಾಣುತ್ತಿರಲಿಲ್ಲ. ಒಂದೊಂದನ್ನೂ ಹೊತ್ತು ತಂದು ಅಲ್ಕನ ಹಳೇ ರೊಪ್ಪದೊಳಗೆ ಹಾಕಿದೆವು. ಹದಿನೆಂಟು ಸಿಕ್ಕವು. ಬಿಳಿ ಮರಿ ಸಿಗಲಿಲ್ಲ.

"ಸಾಕು, ನಡೀರಿ, ನಾವೇ ಸಾಯ್ತೀವಿ," ಅಂದೆ ನಾನು.

ಅತ್ತೆ ಹೋಗಲಿಲ್ಲ. ಎಪ್ಪತ್ತು ದಾಟಿದ ಮುದುಕಿ, ಲಂಗ ಮೊಣಕಾಲಿಗೆ ಕಟ್ಟಿಕೊಂಡು ಹಿಮ ಕೆದಕುತ್ತಾ "ಪಾದ್ರಿ ಮಗನೇ! ಲೋ ಪಾದ್ರಿ ಮಗನೇ!" ಅಂತ ಕೂಗುತ್ತಿದ್ದಳು. ಮೆಲ್ಚೋರ್ ಇನ್ನೂ ಮೇಲೆ ಹತ್ತಿದ. ಇದ್ದಕ್ಕಿದ್ದ ಹಾಗೆ ಅವನು ಮಾಯವಾದ. ದೊಪ್ಪನೆ ಸದ್ದು, ಹಿಂದೆಯೇ ಮರಿ ಕಿರುಚಿತು.

"ಮೆಲ್ಚೋರ್! ಏನಾಯ್ತೋ ಮಗ?" ಒಂದು ತಿಂಗಳಾದ ಮೇಲೆ ನೇರವಾಗಿ ಆಡಿದ ಮೊದಲ ಮಾತು.

"ಸಿಕ್ತು ಅಮ್ಮ! ಎಡವಿ ಬಿದ್ದೆ ಇದರ ಮೇಲೆ. ಮರಿಗೇನೂ ಆಗಿಲ್ಲ, ನನ್ನ ಹಲ್ಲು ಹೋಯ್ತು!"

ಬಾಯಲ್ಲಿ ರಕ್ತ ಸುರಿಸುತ್ತಾ, ಮರಿಯನ್ನು ಸಂಘದ ಹೆಸರು ಕಸೂತಿ ಹಾಕಿದ ಜಾಕೆಟ್ಟಿನೊಳಗೆ ತುಂಬಿಕೊಂಡು ಇಳಿದು ಬಂದ. ಅವನ ಮುಖ ನೋಡಿ ಅತ್ತೆ ಮೊದಲು ಅತ್ತಳು, ಆಮೇಲೆ ತಡೆಯಲಾರದೆ ನಕ್ಕಳು. ಅವನೂ ನಕ್ಕ, ಮುಂದಿನ ಹಲ್ಲಿನ ಜಾಗ ಖಾಲಿ.

ಮನೆಯಲ್ಲಿ ಒಲೆಗೆ ಹಿಕ್ಕೆ ತುಂಬಿ ಮರಿಯನ್ನು ತಿಕ್ಕಿ ಒಣಗಿಸುವಾಗ ಮೆಲ್ಚೋರ್ ಕೇಳಿದ, "ನನಗೆ ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದ್ದೆನಲ್ಲೋ. ನೀನೇ, ಬರೆದುಕೊಡು, ಸಭೆಲಿ ಇಡ್ತೀನಿ ಅಂದೆ. ನನಗೆ ಅಕ್ಷರ ಬರುತ್ತಾ?" ಅವಳು ಮರಿಯ ಕಾಲು ತಿಕ್ಕುತ್ತಲೇ ಇದ್ದಳು. "ಜನದ ಮುಂದೆ ನಿನಗೆ ಹಂಗಾಗುತ್ತೆ ಅಂತ ನಾನು ಯೋಚನೆ ಮಾಡ್ಲಿಲ್ಲ ಕಣೋ. ತಪ್ಪಾಯ್ತು."

ಅವನು ಒಲೆಯ ಕಡೆ ಕೈ ಚಾಚಿದ. ಸೂಪಿನ ಬಟ್ಟಲು ಅವಳ ಕಡೆ ಸರಿಸಿದ.

ಮಾರ್ಚ್‌ನಲ್ಲಿ ಪಾದ್ರಿಯನ್ನು ಒಯ್ಯಲು ಇಂಜಿನಿಯರ್ ಬಂದ. ಕೆಲಸಕ್ಕೆ ಬಾರದ ಗಂಡನ್ನು ಪೇಟೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಅವನು ಕೈಯಿಂದ ಕತ್ತಿನ ಹತ್ತಿರ ಒಂದು ಸನ್ನೆ ಮಾಡಿದ. ಅತ್ತೆ ಕದಿರು ಹಿಡಿದು ಬೇರೆ ಕಡೆ ತಿರುಗಿದಳು. ಅವಳ ನೂಲು ಎರಡು ಸಲ ಕಡಿದುಹೋಯಿತು.

ಮೆಲ್ಚೋರ್ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಇಂಜಿನಿಯರ್ ಸಾಹೇಬ್ರೇ, ಈ ವಿಷಯದಲ್ಲಿ ಸಂಘದ ಪರವಾಗಿ ಎರಡು ಮಾತು. ಈ ಗಂಡಿನಿಂದ ಒಂದು ಬಿಳಿ ಮರಿ ಹುಟ್ಟಿದೆ. ಆದ್ದರಿಂದ ಪರೀಕ್ಷೆ ಪೂರ್ತಿಯಾಗಿಲ್ಲ. ಇನ್ನೂ ಮೂರು ವರ್ಷ ಇಲ್ಲೇ ಇಟ್ಟು ಗಮನಿಸಬೇಕು ಅಂತ ನಿರ್ಣಯವಾಗಿದೆ."

"ಯಾವ ಸಭೇಲಿ?" ಅಂದ ಇಂಜಿನಿಯರ್.

"ಈಗ ನಡೀತಿರೋದೇ ಸಭೆ."

ಕೋರಂ ಇದೆ ಅನ್ನುವುದಕ್ಕೆ ನಾನು ಕೈ ಎತ್ತಿದೆ. ಇಂಜಿನಿಯರ್ ಒಂದು ಸಲ ನನ್ನನ್ನು, ಒಂದು ಸಲ ಮುದುಕಿಯ ಬೆನ್ನನ್ನು ನೋಡಿ ಖಾಲಿ ಲಾರಿ ಹತ್ತಿ ಹೋದ. ಅತ್ತೆ ಕಡಿದ ನೂಲಿಗೆ ಎಂಜಲು ಹಚ್ಚಿ ಗಂಟು ಹಾಕಿದಳು. ಮೂಗು ಒರೆಸಿಕೊಂಡು, "ಮೂರೇ ವರ್ಷನೇನೋ? ಕೇಳೋದು ಕೇಳ್ದೆ, ಹತ್ತು ಅನ್ನೋದಲ್ವಾ?" ಅಂದಳು.